ಪುಸ್ತಕ ವಾಪಸ್ ಕೊಡುವ ಶನಿವಾರ

ನಾಲ್ಕೂ ಇಪ್ಪತ್ತಕ್ಕೆ ಏಳುವುದು. ಅಲಾರಂ ಬಾಯಿ ತೆರೆಯುವ ಮೊದಲೇ ಅದರ ಬಾಯಿ ಮುಚ್ಚುವುದು, ಇಲ್ಲದಿದ್ದರೆ ಗಂಡನಿಗೆ ಎಚ್ಚರವಾಗಿ ದಿನವೆಲ್ಲ ನಿದ್ದೆಗೆಟ್ಟ ಮಾತು ಕೇಳಬೇಕು. ಕಾವೇರಿ ನೀರು ಬರುವ ದಿನವಾದರೆ ಸಂಪಿನ ಮುಚ್ಚಳ ಸರಿಸಿ ಸದ್ದು ಕೇಳುವುದು, ಬಾರದ ದಿನವಾದರೆ ಮೋಟರ್ ಹಾಕುವುದು. ಫಿಲ್ಟರಿಗೆ ಕಾಫಿ ಪುಡಿ ತುಂಬಿ ಡಿಕಾಕ್ಷನ್ ಇಳಿಯಲು ಇಡುವುದು. ಬಾಗಿಲಿಗೆ ನೀರು ಹಾಕಿ ನಾಲ್ಕೆಳೆ ರಂಗೋಲಿ ಎಳೆಯುವುದು. ಗೇಟಿನ ಚೀಲದಿಂದ ಹಾಲು ತಂದು ಕಾಯಿಸಲು ಇಡುವುದು. ಹಾಲು ಉಕ್ಕುವುದರೊಳಗೆ ಅತ್ತೆಯನ್ನು ಎಡಕ್ಕೆ ಹೊರಳಿಸಿ, ಒದ್ದೆ ಬಟ್ಟೆ ತೆಗೆದು, ಒರೆಸಿ, ಬೆನ್ನಿಗೆ ಪೌಡರ್ ಹಾಕಿ, ಬಲಕ್ಕೆ ಹೊರಳಿಸುವುದು. ಕೈ ತೊಳೆದು ಬಂದು ಹಾಲು ಇಳಿಸುವುದು. ರಾತ್ರಿಯ ಪಾತ್ರೆ ತೊಳೆಯುವುದು. ಮಗಳ ಡಬ್ಬಿಗೆ ಹುರುಳಿಕಾಯಿ ಹೆಚ್ಚುವುದು, ಬೇಳೆ ತೊಳೆಯುವುದು, ಕುಕ್ಕರಿನ ಗ್ಯಾಸ್ಕೆಟ್ಟನ್ನು ತಣ್ಣೀರಿನಲ್ಲಿ ನೆನೆಸುವುದು. ಅತ್ತೆಯ ಬೆಳಗಿನ ಮೂರು ಮಾತ್ರೆಗಳನ್ನು ಬಟ್ಟಲಿಗೆ ಎಣಿಸಿ ಹಾಕುವುದು.

ಇವೆಲ್ಲ ಗೋದಾವರಿ ಎಂಬ ಗೋದಾ ಬೆಳಕು ಹರಿಯುವ ಮೊದಲು ಮಾಡುವ ಕೆಲಸಗಳು. ಮನೆಯವರ ಲೆಕ್ಕದಲ್ಲಿ ಇನ್ನೂ ಯಾವ ಕೆಲಸವೂ ಶುರುವಾಗಿರುವುದಿಲ್ಲ.

ಈ ಶನಿವಾರ ಇವುಗಳ ಜೊತೆಗೆ ಇನ್ನೊಂದಿತ್ತು. ಅಕ್ಕಿ ಡಬ್ಬದ ಕೆಳಗೆ ಹದಿನಾಲ್ಕು ದಿನಗಳಿಂದ ಒಂದು ಹಾಳೆ ಮಡಿಸಿಕೊಂಡು ಕೂತಿತ್ತು. ಅದನ್ನು ತುಂಬಬೇಕೋ ಬೇಡವೋ ಎಂದು ಇವತ್ತು ತೀರ್ಮಾನವಾಗಬೇಕಿತ್ತು. ಅದು ಸರ್ಕಾರಿ ಲೈಬ್ರರಿಯ ಹಾಳೆ.

ಚಾಮರಾಜಪೇಟೆಯ ಆ ಬೀದಿಯಲ್ಲಿ ಗೋದಾಳ ಗಂಡನನ್ನು ಎಲ್ಲರೂ ಶೀನಣ್ಣ ಎನ್ನುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ರಿಟೈರ್ ಆದವನು. ಕೆಟ್ಟವನಲ್ಲ. ಹಾಲು ಉಕ್ಕಿದರೆ ನಡುಮನೆಯಿಂದಲೇ, "ಗೋದಾ, ಹಾಲು ಉಕ್ತಿದೆ ಅನ್ಸತ್ತೆ" ಎಂದು ಎಚ್ಚರಿಸುವಷ್ಟು ಮನೆಯ ಬಗ್ಗೆ ಕಾಳಜಿ ಇರುವವನು. ಮಗಳು ಆರಾಧನಾ ಬಳೇಪೇಟೆಯ ಆಡಿಟರೊಬ್ಬರ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಅತ್ತೆ ಶೈಲಜಮ್ಮ ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಮಂಚ ಬಿಟ್ಟು ಇಳಿದಿಲ್ಲ. ಕಣ್ಣು ಮಂಜು, ಕಾಲು ಇಲ್ಲ, ಕಿವಿ ಮಾತ್ರ ಚುರುಕು.

ಲೈಬ್ರರಿಯ ನಂಟು ಶುರುವಾದದ್ದು ಹದಿನೆಂಟು ವರ್ಷದ ಹಿಂದೆ. ಮೂರನೇ ಕ್ಲಾಸಿನಲ್ಲಿದ್ದ ಆರಾಧನಾಳಿಗೆ ಹಕ್ಕಿಗಳ ಬಗ್ಗೆ ಏನೋ ಬರೆಯಬೇಕಿತ್ತು. ಪುಸ್ತಕ ಮನೆಗೆ ತರಬೇಕಾದರೆ ಸದಸ್ಯರಾಗಬೇಕು, ಸದಸ್ಯರಾಗಬೇಕಾದರೆ ಸರ್ಕಾರಿ ನೌಕರರೊಬ್ಬರು ಜಾಮೀನು ನಿಲ್ಲಬೇಕು ಎಂದರು. ಶೀನಣ್ಣ ಕಚೇರಿಯ ಮೊಹರು ಒತ್ತಿ ಸಹಿ ಹಾಕಿ ಕೊಟ್ಟ: 'ಸದರಿಯವರು ಪುಸ್ತಕ ಹಿಂದಿರುಗಿಸದಿದ್ದಲ್ಲಿ ನಾನೇ ಹೊಣೆ.' ಮಗಳ ಹಕ್ಕಿಗಳು ಒಂದೇ ವಾರಕ್ಕೆ ಹಾರಿಹೋದವು. ಗೋದಾಳ ಹೆಸರಿನ ಕಾರ್ಡು ಉಳಿಯಿತು.

ಆ ಕಾರ್ಡಿನಲ್ಲಿ ಎಂಥ ಬೀಗದ ಕೈ ಇದೆ ಎಂದು ಅವಳಿಗೆ ತಿಳಿದದ್ದು ಎರಡನೇ ಪುಸ್ತಕದ ಹೊತ್ತಿಗೆ. ಪುಸ್ತಕದ ಹಿಂಬದಿಯ ಚೀಟಿಯಲ್ಲಿ ನೇರಳೆ ಮೊಹರಿನ ತಾರೀಕು. ಶೀನಣ್ಣ ಅದನ್ನು ನೋಡಿ, "ಲೇ ಗೋದಾ, ನಾಡಿದ್ದು ಕೊನೇ ದಿನ. ನಾನು ಸಹಿ ಹಾಕಿದೀನಿ, ಮರೀಬೇಡ" ಎಂದ. ಒಳಗಿನಿಂದ ಶೈಲಜಮ್ಮ ದನಿಗೂಡಿಸಿದರು: "ಇನ್ನೊಬ್ಬರ ವಸ್ತು ಹೊತ್ತು ಮೀರಿ ಮನೇಲಿ ಇರಬಾರದು. ಅದರಲ್ಲೂ ಪುಸ್ತಕ, ಸರಸ್ವತಿ ಋಣ. ಹೋಗಿ ಕೊಟ್ಟು ಬಂದ್ಬಿಡು."

ತಂಗಿಯ ಮನೆಗೆ ಹೋಗಬೇಕೆಂದರೆ "ಏನ್ ಅರ್ಜೆಂಟು" ಎನ್ನುವ ಮನೆ ಅದು. ತರಕಾರಿಗೆ ಹೋದರೆ "ಇಷ್ಟ್ ಹೊತ್ತು ಏನ್ ಮಾಡ್ದೆ" ಎನ್ನುವ ಮನೆ. ದೇವಸ್ಥಾನಕ್ಕಾದರೂ ಅತ್ತೆ ಜೊತೆಗೆ ಬರುತ್ತಿದ್ದರು. ಅಂಥ ಮನೆ ಅವಳನ್ನು ತಾನಾಗಿ ಹೊರಕ್ಕೆ ಕಳಿಸಿದ್ದು ಪುಸ್ತಕ ವಾಪಸ್ ಕೊಡುವುದಕ್ಕೆ ಮಾತ್ರ. ಅಂದಿನಿಂದ ಗೋದಾ ಒಂದು ವ್ರತ ಹಿಡಿದಳು. ಪುಸ್ತಕ ವಾಪಸ್ ಕೊಟ್ಟಳೆಂದರೆ ಇನ್ನೊಂದನ್ನು ತರದೆ ಬರಬಾರದು. ಮನೆಯಲ್ಲಿ ಸದಾ ಒಂದು ಋಣ ಇರಬೇಕು.

ಹೀಗೆ ಎರಡು ವಾರಕ್ಕೊಂದು ಶನಿವಾರ, ನಾಲ್ಕು ಗಂಟೆಗೆ ಲೈಬ್ರರಿ ಸಂಜೆಯ ಬಾಗಿಲು ತೆರೆಯುವ ಹೊತ್ತಿಗೆ ಅವಳು ಅಲ್ಲಿರುತ್ತಿದ್ದಳು. ಹೋಗಲು ಹನ್ನೆರಡು ನಿಮಿಷ, ಬರಲು ಹನ್ನೆರಡು ನಿಮಿಷ, ಕೂರಲು ನಲವತ್ತು ನಿಮಿಷ. ಅತ್ತೆ ಮಂಚ ಹಿಡಿದ ಮೇಲೂ ಇದು ತಪ್ಪಲಿಲ್ಲ. ಅಷ್ಟು ಹೊತ್ತು ಶೀನಣ್ಣ ಉಯ್ಯಾಲೆಯ ಮೇಲೆ ಕೂತು ತಾಯಿಯ ಕೋಣೆಯ ಕಡೆ ಒಂದು ಕಣ್ಣಿಟ್ಟಿರುತ್ತಿದ್ದ.

ಲೈಬ್ರರಿಯೆಂದರೆ ಉದ್ದನೆಯ ಒಂದು ಹಾಲು, ಪಕ್ಕದಲ್ಲೊಂದು ಕೋಣೆ. ಹಾಲಿನಲ್ಲಿ ಪೇಪರ್ ಓದುವ ರಿಟೈರ್ಡ್ ಗಂಡಸರು; ಕೋಣೆಯಲ್ಲಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ಅವರ ನೀರಿನ ಬಾಟಲಿಗಳು. ಭಾನುವಾರ ಮಕ್ಕಳಿಗೆ ಕಥೆ ಹೇಳುವ ಕಾರ್ಯಕ್ರಮ. ಕಿಟಕಿಯ ಬಳಿ ಒಂದು ಮರದ ಮೇಜು, ಮೂರು ಕುರ್ಚಿ, ಮೇಲೊಂದು ಫ್ಯಾನು. ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ 'ಮಹಿಳೆಯರಿಗೆ ಮೀಸಲು'. ಮಳೆಗಾಲದಲ್ಲಿ ಆ ಮೀಸಲು ಮೇಜಿನ ಮೇಲೆ ಗಂಡಸರ ಕೊಡೆಗಳು ಒಣಗುತ್ತಿದ್ದವು. ಗೋದಾ ಬಂದ ಕೂಡಲೇ ಲೈಬ್ರರಿಯ ಸಹಾಯಕಿ ಭಾಗ್ಯ, "ಯಾರ್ದು ಸಾರ್ ಈ ಛತ್ರಿ? ಎತ್ಕೊಳಿ ಎತ್ಕೊಳಿ, ಇದೇನು ನಿಮ್ಮನೆ ವರಾಂಡಾನಾ" ಎಂದು ಜಾಗ ಬಿಡಿಸಿಕೊಡುತ್ತಿದ್ದಳು.

ಗೋದಾ ಅಲ್ಲಿ ಓದುತ್ತಿದ್ದಳೇ? ಮೊದಮೊದಲು ಓದಿದಳು. ಕಾದಂಬರಿ, ಆಮೇಲೆ ಪ್ರವಾಸದ ಪುಸ್ತಕಗಳು. ಮನೆಗೆ ತಂದ ಪುಸ್ತಕ ಎಂಟು ಪುಟ ದಾಟುತ್ತಿರಲಿಲ್ಲ. ಫ್ರಿಜ್ಜಿನ ಮೇಲಿಂದ ಅದನ್ನು ಶೀನಣ್ಣನೇ ಎತ್ತಿಕೊಂಡು, ಉಯ್ಯಾಲೆಯಲ್ಲಿ ಓದಿ ಮುಗಿಸಿ, ಅವಳು ಮಜ್ಜಿಗೆ ಕಡೆಯುವಾಗ ಬಂದು, "ಕೊನೇಗೆ ಅವಳು ಸಾಯ್ತಾಳೆ ಕಣೇ" ಎಂದು ಹೇಳಿ ಹೋಗುತ್ತಿದ್ದ. ಈಚಿನ ವರ್ಷಗಳಲ್ಲಿ ಅವಳು ಪುಟ ತೆರೆದಿಟ್ಟು ಸುಮ್ಮನೆ ಕೂರುತ್ತಿದ್ದಳು, ಅಷ್ಟೆ. ನಲವತ್ತು ನಿಮಿಷ ಯಾರೂ ಗೋದಾ ಎನ್ನುವುದಿಲ್ಲ. ಒಲೆಯ ಮೇಲೆ ಏನೂ ಇಲ್ಲ. ತಿರುಗುವ ಫ್ಯಾನನ್ನು ಬೇರೆ ಯಾರೋ ಹಾಕಿದ್ದಾರೆ, ಆರಿಸುವುದೂ ಅವರೇ.

ಎದುರಿನ ಕುರ್ಚಿಗೆ ಮೂರನೇ ಕ್ರಾಸಿನ ಮೀನಾ ಬರುತ್ತಿದ್ದಳು. ಮೂವತ್ತೈದರ ಹೆಂಗಸು, ಅವಳಿ ಮಕ್ಕಳ ತಾಯಿ. ಬಂದವಳೇ ದಪ್ಪ ಪುಸ್ತಕವೊಂದನ್ನು ತೆರೆದು ಅದರ ಮೇಲೆ ಕೆನ್ನೆಯಿಟ್ಟು ಮಲಗಿಬಿಡುತ್ತಿದ್ದಳು. ಅರ್ಧ ಗಂಟೆಗೆ ಗೋದಾ ಅವಳ ಮೊಣಕೈ ತಟ್ಟಬೇಕು, ಅದು ಒಪ್ಪಂದ. ನಾಲ್ಕು ವರ್ಷದಲ್ಲಿ ಅವರು ಆಡಿದ ಮಾತನ್ನೆಲ್ಲ ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆಯಬಹುದು.

ಇಷ್ಟರಲ್ಲಿ ಲೈಬ್ರರಿ ಸುಧಾರಿಸಿತು. ಮೇಲ್ವಿಚಾರಕ ಮೂರ್ತಿ ಉತ್ಸಾಹದ ಮನುಷ್ಯ. ಗೇಟಿನ ಮುಂದೆ ಬಣ್ಣದ ಬ್ಯಾನರ್ ಕಟ್ಟಿಸಿದ: ಡಿಜಿಟಲ್ ಗ್ರಂಥಾಲಯ, ಮಕ್ಕಳ ಕಥಾಸಮಯ, ಸ್ಪರ್ಧಾತ್ಮಕ ಪರೀಕ್ಷೆಗೆ ಮಾರ್ಗದರ್ಶನ. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ದಪ್ಪಕ್ಷರದಲ್ಲಿ: 'ಹಿರಿಯ ನಾಗರಿಕರು ಹಾಗೂ ಗೃಹಿಣಿಯರಿಗಾಗಿ ಮನೆ ಬಾಗಿಲಿಗೆ ಪುಸ್ತಕ.'

ಗೋದಾ ಆ ಬ್ಯಾನರಿನ ಕೆಳಗೆ ಎರಡು ಸಲ ಹಾದುಹೋದಳು. ಗೃಹಿಣಿಯೆಂದರೆ ತಾನೇ ಎಂದು ಅವಳಿಗೆ ಹೊಳೆಯಲೇ ಇಲ್ಲ. ಹೊಳೆದದ್ದು ಮಗಳಿಗೆ.

"ಅಮ್ಮ, ನಿಂಗೊಂದು ಸರ್‌ಪ್ರೈಸು" ಎಂದಳು ಆರಾಧನಾ ಒಂದು ರಾತ್ರಿ ಊಟಕ್ಕೆ ಕೂತಾಗ. "ಇನ್ಮೇಲೆ ನೀನು ಲೈಬ್ರರಿಗೆ ಹೋಗೋದೇ ಬೇಡ."

ಗೋದಾಳ ಕೈಯ ಸೌಟು ಸಾರಿನ ಪಾತ್ರೆಯೊಳಗೇ ನಿಂತಿತು. "ಯಾಕೆ, ಮುಚ್ಬಿಟ್ರಾ?"

"ಅಯ್ಯೋ ಇಲ್ಲಮ್ಮ! ಅವ್ರೇ ಮನೆಗೆ ತಂದ್ಕೊಡ್ತಾರೆ. ಎರಡು ವಾರಕ್ಕೊಂದ್ಸಲ. ಹಳೇದು ತಗೊಂಡು ಹೊಸದು ಕೊಟ್ಟು ಹೋಗ್ತಾರೆ. ಬ್ಯಾನರ್ ನೋಡ್ದೆ, ಅಲ್ಲೇ ನಿಂತು ನನ್ ನಂಬರಿಂದ ನಿನ್ನ ಹೆಸ್ರು ಹಾಕ್ಬಿಟ್ಟೆ. ಮಂಡಿ ನೋವು ಅಂತ ನರಳ್ತಿರ್ತೀಯಲ್ಲ."

"ಭೇಷ್" ಎಂದ ಶೀನಣ್ಣ. "ಸರ್ಕಾರ ಒಂದಾದ್ರೂ ಒಳ್ಳೆ ಕೆಲಸ ಮಾಡ್ತು ನೋಡು. ವಾಯಿದೆ ತಪ್ಪೋ ಯೋಚ್ನೆನೂ ಇಲ್ಲ."

ಕೋಣೆಯಿಂದ ಶೈಲಜಮ್ಮ, "ಏನಂತೆ?" ಎಂದರು.

"ಪುಸ್ತಕ ಮನೆಗೇ ಬರತ್ತಂತೆ ಅಜ್ಜಿ!"

"ಒಳ್ಳೇದಾಯ್ತು. ಪಾಪ, ಬಿಸಿಲಲ್ಲಿ ನಡೆಯೋದು ತಪ್ತು ಅವಳಿಗೆ."

ಮೂವರೂ ಒಟ್ಟಿಗೆ ಅವಳ ಬಗ್ಗೆ ಯೋಚಿಸಿದ್ದು ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅದೇ ಮೊದಲು. ಅಂಥ ಹೊತ್ತಿನಲ್ಲಿ ಬೇಡ ಎನ್ನುವುದು ಹೇಗೆ? ಗೋದಾ, "ಒಳ್ಳೇದಾಯ್ತು ಬಿಡು" ಎಂದು ಸಾರು ಬಡಿಸಿದಳು.

ಮುಂದಿನ ಶನಿವಾರ ಹನ್ನೆರಡೂವರೆಗೆ ಭಾಗ್ಯ ಬಂದು ಬೆಲ್ ಒತ್ತಿದಳು. ಹೆಗಲಲ್ಲಿ ಇಲಾಖೆಯ ನೀಲಿ ಚೀಲ. ಹಳೆಯ ಪುಸ್ತಕ ತೆಗೆದುಕೊಂಡು, ಹೊಸದಾಗಿ ಎರಡು ಕೊಟ್ಟು, ಸಹಿ ಹಾಕುವ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಹೋದಳು. ಪೂರಾ ಎರಡು ನಿಮಿಷ. ಆ ಸಂಜೆ ನಾಲ್ಕು ಗಂಟೆಗೆ ಗೋದಾಳ ಕಾಲು ತಾನಾಗಿ ಚಪ್ಪಲಿಯ ಕಡೆಗೆ ಹೋಯಿತು. ಅಲ್ಲಿ ನಿಂತು, ಮತ್ತೆ ಒಳಗೆ ಬಂದು, ಬಟ್ಟೆ ಮಡಿಸಿದಳು.

ಬಸ್ಸಿನಲ್ಲಿ ಖಾಲಿಯಾದ ಸೀಟಿನ ಮೇಲೆ ಕರ್ಚೀಫು ಬಿದ್ದ ಹಾಗೆ ಅವಳ ಖಾಲಿ ಶನಿವಾರಗಳ ಮೇಲೆ ಒಂದೊಂದಾಗಿ ಕೆಲಸಗಳು ಬಿದ್ದವು. "ಅಮ್ಮ ಹೇಗೂ ಮನೇಲಿರ್ತಾಳೆ" ಎಂದು ಆರಾಧನಾ ವಾಷಿಂಗ್ ಮೆಷೀನ್ ರಿಪೇರಿಯವನಿಗೆ ಶನಿವಾರ ಸಂಜೆಯ ಹೊತ್ತು ಕೊಟ್ಟಳು. "ನೀನು ಹೇಗೂ ಇರ್ತೀಯಲ್ಲ" ಎಂದು ಶೀನಣ್ಣ ತನ್ನ ಹಳೆಯ ಕಚೇರಿಯ ಇಬ್ಬರು ಗೆಳೆಯರನ್ನು ನಾಲ್ಕೂವರೆ ಕಾಫಿಗೆ ಕರೆಯತೊಡಗಿದ. ಕಾಫಿಯೆಂದರೆ ಬರೀ ಕಾಫಿಯಲ್ಲ, ಜೊತೆಗೆ ಏನಾದರೂ ಬಿಸಿಬಿಸಿ. ಅತ್ತೆಗೂ ಶನಿವಾರ ಸಂಜೆ ಕಾಲಿಗೆ ಎಣ್ಣೆ ತಿಕ್ಕಿಸಿಕೊಂಡರೆ ರಾತ್ರಿ ನಿದ್ದೆ ಬರುತ್ತದೆಂದು ಗೊತ್ತಾಯಿತು. ಎರಡು ತಿಂಗಳಾಗುವ ಹೊತ್ತಿಗೆ ಆ ನಲವತ್ತು ನಿಮಿಷ ಎಲ್ಲಿತ್ತೆಂದು ಹುಡುಕಿದರೂ ಗುರುತು ಸಿಗುತ್ತಿರಲಿಲ್ಲ.

ಒಂದು ಸಲ ಬಾಯಿಬಿಟ್ಟು ಕೇಳಿಯೂ ನೋಡಿದಳು.

"ರೀ, ಈ ಸಲ ನಾನೇ ಹೋಗಿ ಬರ್ಲಾ ಅಂತ."

"ಎಲ್ಲಿಗೆ?"

"ಲೈಬ್ರರಿಗೆ."

"ಏನಕ್ಕೆ? ಆಕೆ ತಂದ್ಕೊಟ್ಟಳಲ್ಲ."

"ಬೇರೆ ಪುಸ್ತಕ ನೋಡೋಣ ಅಂತ."

"ಹೆಸ್ರು ಹೇಳು, ಆರಾಧನಾ ಫೋನಲ್ಲಿ ಹಾಕ್ತಾಳೆ."

"ಹೆಸ್ರು ಗೊತ್ತಿಲ್ಲ."

ಶೀನಣ್ಣ ನಕ್ಕ. "ಹೆಸ್ರೇ ಗೊತ್ತಿಲ್ದಿರೋ ಪುಸ್ತಕ ಓದದೆ ಇದ್ರೆ ಏನು ನಷ್ಟ ಮಾರಾಯ್ತಿ?"

ಆ ನಗುವಿನಲ್ಲಿ ಕಹಿ ಇರಲಿಲ್ಲ. ಅದಕ್ಕೇ ಅವಳಿಗೆ ಜಗಳವಾಡಲೂ ಆಗಲಿಲ್ಲ. ಸುಮ್ಮನೆ ಹೋಗಿ ಕೂರಬೇಕು ಎಂಬುದು ಆ ಮನೆಯಲ್ಲಿ ಹಿಂದೆ ಯಾವ ಹೆಂಗಸೂ ಕೊಡದ ಕಾರಣ. ಅತ್ತೆ ಕೊಟ್ಟಿರಲಿಲ್ಲ, ಅವರ ಅತ್ತೆಯೂ ಕೊಟ್ಟಿರಲಿಕ್ಕಿಲ್ಲ. ಅದನ್ನು ಹೇಳಲು ಬೇಕಾದ ದನಿ ಯಾವುದು, ಗಟ್ಟಿಯೋ ಮೆಲ್ಲಗೋ ಎಂದೇ ಅವಳಿಗೆ ತಿಳಿಯದು.

ಅದಾದ ಮೇಲಿನ ಸಲ ಭಾಗ್ಯ ಬಂದಾಗ ಗೋದಾ ಬಾಗಿಲು ತೆರೆಯಲಿಲ್ಲ.

ಪುಸ್ತಕ ತಂದವರು ಮೂರು ಸಲ ಬಂದಾಗಲೂ ಬಾಗಿಲು ಹಾಕಿದ್ದರೆ ಆ ಮನೆಯ ಸೇವೆ ರದ್ದಾಗುತ್ತದೆ, ಮತ್ತೆ ಸದಸ್ಯರೇ ಲೈಬ್ರರಿಗೆ ಬಂದು ಪುಸ್ತಕ ಒಯ್ಯಬೇಕು. ಸಹಿ ಹಾಕುವ ಪುಸ್ತಕದ ಮೇಲ್ಗಡೆ ನಿಯಮ ಅಚ್ಚಾಗಿತ್ತು. ಅವಳು ಅದನ್ನು ಓದಿದ್ದಳು. ಶೀನಣ್ಣ ಬ್ಯಾಂಕಿಗೆ ಹೋಗಿದ್ದ, ಆರಾಧನಾ ಕಚೇರಿಯಲ್ಲಿ. ಬೆಲ್ ಒಂದು ಸಲ ಆಯಿತು. ಗೋದಾ ಅಡುಗೆಮನೆಯ ಕಟ್ಟೆ ಹಿಡಿದು ಉಸಿರು ಬಿಗಿಹಿಡಿದಳು. ಎರಡನೇ ಸಲ ಆಯಿತು.

"ಗೋದಾ! ಯಾರೋ ಬಂದಿದಾರೆ!" ಶೈಲಜಮ್ಮ ಕೋಣೆಯಿಂದ ಕೂಗಿದರು. "ಗೋದಾ! ಒಳಗೇ ಇದೀಯಲ್ಲ, ಬಾಗಿಲು ತೆಗಿಯೇ!"

ಆ ಕೂಗು ಬೀದಿಯ ತುದಿಗೂ ಕೇಳಿಸಿರಬೇಕು. ಗೋದಾ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯ ಪರದೆ ಒಂದೆಳೆ ಸರಿಸಿ ನೋಡಿದಳು. ಭಾಗ್ಯ ಎದುರು ಮನೆಯ ಜಗಲಿಯ ಮೇಲೆ ಕೂತು, ಚಪ್ಪಲಿ ಬಿಚ್ಚಿ ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದಳು. ನೀಲಿ ಚೀಲ ಪಕ್ಕದಲ್ಲಿ. ನೆತ್ತಿಯ ಮೇಲೆ ಒಂದು ಗಂಟೆಯ ಬಿಸಿಲು. ಆಮೇಲೆ ಎದ್ದು, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ ಹೊರಟುಹೋದಳು.

ತನಗೆ ನಲವತ್ತು ನಿಮಿಷ ಬೇಕೆಂದರೆ ಇನ್ನೊಬ್ಬಳ ಹಿಮ್ಮಡಿ ಸವೆಯಬೇಕು ಎಂದು ಗೋದಾ ಯೋಚಿಸಿರಲಿಲ್ಲ.

ಎರಡು ವಾರದ ಮೇಲೆ ಬೆಲ್ ಆದಾಗ ಓಡಿಹೋಗಿ ತೆರೆದಳು. ಪುಸ್ತಕದ ವಾಯಿದೆ ಮೀರಿತ್ತು, ಮುಖ ಎತ್ತಲಾಗಲಿಲ್ಲ.

"ಬಾ ಭಾಗ್ಯ, ಒಳಗ್ ಬಾ. ಮಜ್ಜಿಗೆ ಕೊಡ್ತೀನಿ."

"ಬ್ಯಾಡಿ ಅಮ್ಮಾರೆ, ಇನ್ನೂ ಆರು ಮನೆ ಅವೆ" ಎನ್ನುತ್ತಲೇ ಭಾಗ್ಯ ಹೊಸಿಲ ಹೊರಗೆ ಮೆಟ್ಟಿಲ ಮೇಲೆ ಕೂತಳು. ಗೋದಾ ನಡುಮನೆಯಲ್ಲಿದ್ದ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದು, "ಅಲ್ಲಲ್ಲ, ಇಲ್ಲಿ" ಎಂದಳು. ಅತ್ತೆಯ ಕಾಲದಲ್ಲಿ ಹೊರಗಿನವರಿಗೆಂದು ಬೇರೆ ಲೋಟವೊಂದಿತ್ತು. ಅವರು ಮಂಚ ಹಿಡಿದ ಮರುದಿನವೇ ಗೋದಾ ಅದನ್ನು ತುಳಸಿಗೆ ನೀರು ಹಾಕಲು ಹಿತ್ತಲಿಗೆ ಸಾಗಿಸಿದ್ದಳು. ಮನೆಯ ಲೋಟದಲ್ಲೇ ಮಜ್ಜಿಗೆ ತಂದುಕೊಟ್ಟಳು.

ಅರ್ಧ ಲೋಟ ಒಂದೇ ಗುಟುಕಿಗೆ ಕುಡಿದು ಭಾಗ್ಯ ಬಾಯಿ ಒರೆಸಿಕೊಂಡಳು. "ಅವತ್ತು ಒಳಗೇ ಇದ್ರಿ. ಗೊತ್ತು ನಂಗೆ."

ಗೋದಾ ನೆಲ ನೋಡಿದಳು. "ಅತ್ತೆ ಕೂಗಿದ್ದು ಕೇಳಿಸ್ತು ಅಲ್ವಾ?"

"ಊರಿಗೇ ಕೇಳಿಸ್ತು. ಬಿಡಿ, ನೀವೊಬ್ರೇ ಅಲ್ಲ. ಮೂರನೇ ಕ್ರಾಸ್ ಮೀನಮ್ಮನ ಮನೇಲಿ ಎರಡು ಸಲ ಬಾಗಿಲು ಹಾಕಿತ್ತು. ಒಳಗೆ ಕುಕ್ಕರ್ ಮೂರು ವಿಷಲ್ ಕೂಗ್ತು, ಯಾರೋ ಆರ್ಸಿದ್ರು. ಮನೇಲಿ ಯಾರೂ ಇಲ್ಲ, ಕುಕ್ಕರ್ ತಾನೇ ಆಫ್ ಆಗತ್ತೆ, ಏನ್ ಕಾಲ ಬಂತು!"

ಗೋದಾಳಿಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು. ಮೀನಾಳ ಕೆನ್ನೆಯ ಮೇಲೆ ಪುಸ್ತಕದ ಅಂಚು ಒತ್ತಿ ಮೂಡುತ್ತಿದ್ದ ಗೆರೆ ನೆನಪಾಯಿತು.

"ನಂಗೂ ಅರ್ಥ ಆಗತ್ತೆ ಅಮ್ಮಾರೆ" ಎಂದಳು ಭಾಗ್ಯ. "ಆದ್ರೆ ನನ್ ಕಥೆ ಕೇಳಿ. ಹನ್ನೊಂದೂವರೆಗೆ ಲೈಬ್ರರಿ ಬಾಗಿಲು ಹಾಕಿದ್ರೆ ಮತ್ತೆ ನಾಲ್ಕಕ್ಕೆ. ಮೊದ್ಲು ಆ ಹೊತ್ತಲ್ಲಿ ಮನೆಗ್ ಹೋಗಿ ಮುದ್ದೆ ತಿರುವಿ, ತಿಂದು, ಒಂದು ಗಳಿಗೆ ನೆಲಕ್ಕೆ ಬೆನ್ನು ಹಾಕ್ತಿದ್ದೆ. ಈಗ ಆ ಹೊತ್ತು ನಿಮ್ಮ ಬೀದಿಗಳ್ಗೆ. ಸಂಬಳ ಅದೇ, ಕಾಲು ಅದೇ. ನೀವು ಮೂರ್ ಸಲ ಬಾಗಿಲು ತೆಗೀದಿದ್ರೆ ಸೇವೆ ರದ್ದಾಗೋದು ನಿಮ್ದು, ಮೂರ್ ಸಲ ನಡೆಯೋ ಶಿಕ್ಷೆ ನಂದು."

"ತಪ್ಪಾಯ್ತು ಭಾಗ್ಯ."

"ತಪ್ಪು ಗಿಪ್ಪು ಯಾಕೆ. ಬ್ಯಾಡ ಅಂದ್ರೆ ಬ್ಯಾಡ ಅಂತ ಬರ್ದು ಕೊಡಿ. ಫಾರಂ ಐತೆ." ಚೀಲದಿಂದ ಒಂದು ಹಾಳೆ ತೆಗೆದಳು. "ಒಂದೇ ಸಲಕ್ಕೆ ಮುಗೀತದೆ. ಆದ್ರೆ ನೀವೇ ಖುದ್ದಾಗಿ ತಂದು ಕೊಡ್ಬೇಕು. ಆಮೇಲೆ ಇನ್ನೊಂದು ವಿಷ್ಯ. ನಿಮ್ ಮಗಳ ನಂಬರಿಂದ ಹೆಸ್ರು ಹಾಕಿರೋದು. ನೀವು ಕೊಟ್ಟ ತಕ್ಷಣ ಅವರ ಫೋನಿಗೆ ಮೆಸೇಜ್ ಹೋಗತ್ತೆ. ಗುಟ್ಟಲ್ಲಿ ಆಗಲ್ಲ."

ಗೋದಾ ಹಾಳೆಯನ್ನು ನೋಡಿದಳು. 'ಸೇವೆ ಬೇಡವೆನ್ನಲು ಕಾರಣ' ಎಂಬುದರ ಮುಂದೆ ನಾಲ್ಕು ಚೌಕಗಳು: ವಾಸಸ್ಥಳ ಬದಲಾವಣೆ, ಅನಾರೋಗ್ಯ, ಮರಣ, ಇತರೆ.

"ಸತ್ತೋರು ಖುದ್ದಾಗಿ ಬಂದು ಹ್ಯಾಂಗೆ ಕೊಡ್ತಾರೆ ಅಂತ ಮೂರ್ತಿ ಸಾರ್‌ನ ಕೇಳ್ದೆ" ಎಂದಳು ಭಾಗ್ಯ. "ಫಾರಂ ಮೇಲಿಂದ ಬಂದಿದ್ದು, ಸುಮ್ನಿರಮ್ಮ ಅಂದ್ರು."

ಎದ್ದು ನಿಂತು ಚೀಲ ಹೆಗಲಿಗೇರಿಸುವಾಗ ಮತ್ತೆ ಹೇಳಿದಳು: "ಕೊಡೋ ಹಂಗಿದ್ರೆ ಬರೋ ಸಲದ ಶನಿವಾರ ಹನ್ನೊಂದೂವರೆ ಒಳಗೆ ಕೊಟ್ಬಿಡಿ, ನಾನು ಚೀಲ ಹೊತ್ಕೊಂಡು ಹೊರಡೋದು ತಪ್ಪತ್ತೆ. ಅಲ್ದೆ ತಿಂಗಳ ಕೊನೇಗೆ ಆ ಹೆಂಗಸರ ಟೇಬಲ್ ಎತ್ತಿಸ್ತಾರೆ. ಅಲ್ಲಿ ಎರಡು ಕಂಪ್ಯೂಟರ್ ಬರ್ತವಂತೆ. ರಿಜಿಸ್ಟರಲ್ಲಿ ಎರಡು ತಿಂಗಳಿಂದ ಒಬ್ಬ ಹೆಂಗಸಿನ ಸಹಿನೂ ಇಲ್ಲ, ಮೇಜು ಯಾಕೆ ಅಂತ ಸಾರ್ ಬರ್ದು ಕಳ್ಸಿದಾರೆ. ಅವರ ತಪ್ಪೂ ಅಲ್ಲ. ಯಾರೂ ಬರಲ್ವಲ್ಲ."

ಹಳೆಯವನ್ನು ಚೀಲಕ್ಕೆ ಹಾಕಿಕೊಂಡು ಹೊಸ ಪುಸ್ತಕಗಳನ್ನು ಅವಳು ಮುಂದೆ ಹಿಡಿದಾಗ ಗೋದಾ, "ಈ ಸಲ ಬೇಡ" ಎಂದಳು. ಯಾಕೆ ಹಾಗೆಂದಳೋ ಆ ಕ್ಷಣಕ್ಕೆ ಅವಳಿಗೇ ಗೊತ್ತಿರಲಿಲ್ಲ.

ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಫ್ರಿಜ್ಜಿನ ಮೇಲೆ ಪುಸ್ತಕ ಇರಲಿಲ್ಲ. ಯಾರಾದರೂ ಕೇಳಿಯಾರು ಎಂದು ಅವಳು ಕಾದಳು. ಮೂರನೇ ದಿನ ಶೀನಣ್ಣ ಆ ಜಾಗದಲ್ಲಿ ತನ್ನ ಮೊಬೈಲ್ ಚಾರ್ಜರ್ ಇಟ್ಟುಕೊಂಡ. ಹಾಳೆ ಅಕ್ಕಿ ಡಬ್ಬದ ಕೆಳಗೆ ಸೇರಿತು. ಅದು ಆ ಮನೆಯಲ್ಲಿ ಅವಳ ಹೊರತು ಯಾರ ಕೈಯೂ ಹೋಗದ ಜಾಗ.

ಎರಡು ವಾರ ಅವಳು ಅಕ್ಕಿ ಅಳೆಯುವಾಗಲೆಲ್ಲ ಎರಡು ದಾರಿಗಳನ್ನು ಅಳೆದಳು. ಇನ್ನೆರಡು ಸಲ ಬಾಗಿಲು ತೆರೆಯದಿದ್ದರೆ ಕೆಲಸ ಆಗುತ್ತದೆ. 'ಮನೆಯಲ್ಲಿ ಯಾರೂ ಇರಲಿಲ್ಲವಂತೆ, ನಿಲ್ಲಿಸಿದರಂತೆ' ಎಂದರೆ ಮುಗಿಯಿತು. ಯಾರಿಗೂ ನೋವಿಲ್ಲ, ಯಾರಿಗೂ ಉತ್ತರ ಕೊಡಬೇಕಿಲ್ಲ. ಭಾಗ್ಯಳ ಕಾಲನ್ನು ಬಿಟ್ಟರೆ. ಮೇಜಂತೂ ಅಷ್ಟರಲ್ಲಿ ಹೋಗಿರುತ್ತದೆ. ಇನ್ನೊಂದು ದಾರಿ ಈ ಹಾಳೆ. ಇದನ್ನು ಕೊಟ್ಟರೆ ಮಗಳ ಫೋನು ಟಿಂಗ್ ಎನ್ನುತ್ತದೆ. "ಯಾಕಮ್ಮ? ಅಷ್ಟು ಕಷ್ಟಪಟ್ಟು ಮಾಡಿಸಿದ್ನಲ್ಲ" ಎನ್ನುತ್ತಾಳೆ. ಶೀನಣ್ಣ, "ಬೆಳಿಗ್ಗೆ ಅಡುಗೆ ಹೊತ್ತಲ್ಲಿ ಎಲ್ಲಿಗ್ ಹೋಗಿದ್ದೆ?" ಎನ್ನುತ್ತಾನೆ. ಕೈಯಲ್ಲಿ ಪುಸ್ತಕವಿಲ್ಲ, ವಾಯಿದೆಯಿಲ್ಲ, ಋಣವಿಲ್ಲ. ಹೊಸಿಲು ದಾಟಲು ಹದಿನೆಂಟು ವರ್ಷ ಜೊತೆಗಿದ್ದ ನೆಪ ಈಗ ಜೊತೆಗಿಲ್ಲ.

ಹೀಗೆ ಈ ಶನಿವಾರ ಬಂದಿತ್ತು.

ಐದೂವರೆಯಾಗಿತ್ತು. ಹಾಲು ಇಳಿಸಿಯಾಗಿತ್ತು. ಹುರುಳಿಕಾಯಿ ಹೆಚ್ಚಿಯಾಗಿತ್ತು. ನಡುಮನೆಯಿಂದ ಶೀನಣ್ಣನ ಗೊರಕೆ, ಮೇಲೆ ಮಗಳ ಕೋಣೆಯಲ್ಲಿ ಸದ್ದಿಲ್ಲ. ಗೋದಾ ಡಬ್ಬ ಸರಿಸಿ ಹಾಳೆ ತೆಗೆದಳು. ಅಂಚಿಗೆ ಅಕ್ಕಿಯ ಹುಡಿ ಅಂಟಿತ್ತು, ಕೊಡವಿದಳು. ಹಾಲಿನ ಲೆಕ್ಕ ಬರೆಯುವ ಪೆನ್ನು ಕ್ಯಾಲೆಂಡರಿನ ಪಕ್ಕದಲ್ಲಿ ದಾರಕ್ಕೆ ನೇತಾಡುತ್ತಿತ್ತು. ದಾರ ಕಟ್ಟೆಯವರೆಗೆ ಬರಲಿಲ್ಲ. ಕತ್ತರಿಯಿಂದ ಕತ್ತರಿಸಿದಳು.

ಮೊದಲು ಕಣ್ಣು ಹೋದದ್ದು 'ಅನಾರೋಗ್ಯ'ದ ಕಡೆ. ಮಂಡಿ ನೋವು ಇದ್ದೇ ಇದೆ, ಸುಳ್ಳೂ ಅಲ್ಲ. ಆದರೆ ಮಂಡಿ ನೋವಿನವರಿಗೆಂದೇ ಮಾಡಿದ ಸೇವೆಯನ್ನು ಮಂಡಿ ನೋವೆಂದು ಬೇಡವೆನ್ನುವುದು ಹೇಗೆ? ಅವಳಿಗೆ ಒಂದು ಗಳಿಗೆ ಎಲ್ಲವೂ ಸಾಕೆನಿಸಿತು. ಈ ಹಾಳೆಯನ್ನು ಒಲೆಗೆ ಹಿಡಿದು, ಕುಕ್ಕರ್ ಇಟ್ಟು, ಎಂದಿನಂತೆ ಇದ್ದುಬಿಡುವುದೇ ಎಲ್ಲಕ್ಕಿಂತ ಕಡಿಮೆ ದಣಿವಿನ ದಾರಿ. ಜಗಳಕ್ಕೂ ಮೈಯಲ್ಲಿ ಕಸುವು ಬೇಕು. ಕಾರಣ ಹೇಳುವುದಕ್ಕೂ ಬೇಕು.

ಹಾಳೆಯನ್ನು ಕಟ್ಟೆಯ ಮೇಲೆ ಹರವಿದಳು. ಆಮೇಲೆ 'ಇತರೆ' ಎಂಬುದರ ಚೌಕದಲ್ಲಿ ಗೆರೆ ಎಳೆದು, ಪಕ್ಕದ ಇಕ್ಕಟ್ಟು ಜಾಗದಲ್ಲಿ ಬರೆದಳು: 'ನನಗೆ ಅಲ್ಲಿಗೆ ಬಂದು ಕೂರಬೇ'. ಜಾಗ ಸಾಲದೆ 'ಕು' ಕೆಳಗಿನ ಸಾಲಿಗೆ ಇಳಿಯಿತು. ಓದಿ ನೋಡಿದಳು. ಮಧ್ಯಾಹ್ನ ಮಗಳು ಕೇಳಿದರೂ ಇಷ್ಟೇ, ಗಂಡ ಕೇಳಿದರೂ ಇಷ್ಟೇ. ಇದಕ್ಕಿಂತ ಉದ್ದದ ಉತ್ತರ ಅವಳಲ್ಲಿರಲಿಲ್ಲ.

ಇವತ್ತು ಪಲ್ಯ ಒಂದೇ ಸಾಕು. ಹತ್ತಕ್ಕೆ ಸಾರು ಕುದಿದರೆ ಹತ್ತೂವರೆಗೆ ಹೊರಡಬಹುದು. ಹನ್ನೊಂದಾದ ಮೇಲೆ ಅತ್ತೆಗೆ ಗಂಜಿ ಕುಡಿಸುವುದು ಶೀನಣ್ಣ. ಚಮಚ ಹಿಡಿಯಲು ಬಾರದ ಕೈಯೇನಲ್ಲ ಅದು.

ಸದಸ್ಯರ ಸಹಿಯ ಜಾಗದಲ್ಲಿ ಗೋದಾವರಿ ಎಂದು ಪೂರ್ತಿ ಹೆಸರು ಬರೆದಳು. ಅದರ ಕೆಳಗೆ ಇನ್ನೊಂದು ಗೆರೆಯಿತ್ತು: 'ಜಾಮೀನುದಾರರ ಸಹಿ, ಇದ್ದಲ್ಲಿ'. ಪೆನ್ನು ಅಭ್ಯಾಸದಂತೆ ಅಲ್ಲಿಯವರೆಗೆ ಹೋಗಿ ನಿಂತಿತು. ಆ ಗೆರೆಯನ್ನು ಹಾಗೇ ಬಿಟ್ಟಳು.

"ಗೋದಾ..." ಕೋಣೆಯಿಂದ ಅತ್ತೆಯ ದನಿ.

"ಬಂದೆ ಅತ್ತೆ."

ಹಾಳೆಯನ್ನು ಮತ್ತೆ ಮಡಿಸಲಿಲ್ಲ. ಅಕ್ಕಿ ಡಬ್ಬದ ಕೆಳಗೂ ಇಡಲಿಲ್ಲ. ಫ್ರಿಜ್ಜಿನ ಮೇಲಿದ್ದ ಚಾರ್ಜರನ್ನು ಪಕ್ಕಕ್ಕೆ ಸರಿಸಿ, ಏಳುವವರ ಕಣ್ಣಿಗೆ ಮೊದಲು ಬೀಳುವ ಹಾಗೆ ಅಲ್ಲಿಟ್ಟು, ಗಾಳಿಗೆ ಹಾರದಿರಲೆಂದು ಮೇಲೊಂದು ಲೋಟ ಬೋರಲು ಹಾಕಿ, ಮಾತ್ರೆಯ ಬಟ್ಟಲು ಹಿಡಿದು ಒಳಗೆ ಹೋದಳು.